ಪಂಪಿನ ಮೇಲೆ ತಪ್ಪು ಹೊರಿಸುವ ಮುನ್ನ

ಪವರ್ ಸ್ಟೀರಿಂಗ್ ಗಟ್ಟಿಯಾಯಿತೆಂದರೆ ಮೊದಲು ಬಿಚ್ಚುವುದು ಪಂಪನ್ನು. ಪಂಪ್ ಕಣ್ಣಿಗೆ ಕಾಣುತ್ತದೆ, ಕೈಗೆ ಎಟಕುತ್ತದೆ, ಬಿಡಿಭಾಗಗಳ ಅಂಗಡಿಯಲ್ಲಿ ಹೊಸದು ಡಬ್ಬಿಯೊಳಗೆ ಸಿದ್ಧವಾಗಿರುತ್ತದೆ. ಅದನ್ನು ಹಾಕಿ, ಎಣ್ಣೆ ತುಂಬಿ, ಗಾಡಿಯನ್ನು ಹೊರಗೆ ತಂದು ತಿರುಗಿಸಿದರೆ ಸ್ಟೀರಿಂಗ್ ಇನ್ನೂ ಹಾಗೆಯೇ ಬಿಗಿ. ಆಗ ಸ್ಟೀರಿಂಗ್ ಬಾಕ್ಸ್ ಬಿಚ್ಚುತ್ತಾರೆ. ಅದೂ ಬದಲಾಗಿ, ಜೇಬು ಖಾಲಿಯಾದ ಮೇಲೆ, ಚಕ್ರದ ಹಿಂದೆ ಅಡಗಿದ್ದ ತುಕ್ಕು ಹಿಡಿದ ಬಾಲ್ ಜಾಯಿಂಟ್ ಕಣ್ಣಿಗೆ ಬೀಳುತ್ತದೆ. ಈ ದುಂದುವೆಚ್ಚ ಪೂರ್ತಿ ತಪ್ಪಿಸಬಹುದಾದದ್ದು. ಸ್ಟೀರಿಂಗ್ ಬಿಗಿಯಾಗುವುದಕ್ಕೆ ಇರುವುದು ಮುಖ್ಯವಾಗಿ ಎರಡು ಬೇರು: ಎಣ್ಣೆಯ ಒತ್ತಡದಿಂದ ಬರಬೇಕಾದ ಸಹಾಯ ಕಡಿಮೆಯಾಗಿರಬೇಕು, ಇಲ್ಲವೇ ತಿರುಗಬೇಕಾದ ಭಾಗಗಳು ಎಲ್ಲೋ ಹಿಡಿದುಕೊಂಡಿರಬೇಕು. ಇವೆರಡರಲ್ಲಿ ಯಾವುದು ಎಂದು ತಿಳಿಯದೆ ಸ್ಪ್ಯಾನರ್ ಎತ್ತಬಾರದು. ತಿಳಿಯುವುದಕ್ಕೆ ದುಬಾರಿ ಸಲಕರಣೆ ಬೇಕಿಲ್ಲ, ಒಂದು ಜ್ಯಾಕು ಮತ್ತು ಸ್ವಲ್ಪ ತಾಳ್ಮೆ ಸಾಕು.

ಇಲ್ಲಿ ಹೇಳಹೊರಟಿರುವುದು ಅಮೆರಿಕದವರು ಹೆವಿ ಡ್ಯೂಟಿ ಎಂದು ಕರೆಯುವ ಪಿಕಪ್ ಟ್ರಕ್ಕುಗಳ ಬಗ್ಗೆ. ಫೋರ್ಡ್ ಕಂಪನಿಯ ಎಫ್-250, ಎಫ್-350 ಸೂಪರ್ ಡ್ಯೂಟಿ, ರ‍್ಯಾಮ್ 2500, 3500, ಶೆವರ್ಲೆ ಸಿಲ್ವರಾಡೊ 2500 ಎಚ್‌ಡಿ ಮುಂತಾದವು ಈ ಸಾಲಿನವು. ಸರಕು ಸೇರಿದಂತೆ 8,501 ಪೌಂಡಿನಿಂದ 14,000 ಪೌಂಡಿನವರೆಗೆ, ಅಂದರೆ ಸುಮಾರು 3.9 ಟನ್ನಿನಿಂದ 6.4 ಟನ್ನಿನವರೆಗೆ ಒಟ್ಟು ತೂಕ ಇರಬಹುದಾದ ವರ್ಗ ಇದು. ಕುದುರೆ, ದನ ಸಾಗಿಸುವ ಟ್ರೇಲರ್ ಎಳೆಯುವ ರೈತರು, ಕಟ್ಟಡ ಕಟ್ಟುವವರು, ಚಳಿಗಾಲದಲ್ಲಿ ಮುಂಭಾಗಕ್ಕೆ ಅಗಲ ಹಲಗೆ ಕಟ್ಟಿಕೊಂಡು ರಸ್ತೆಯ ಹಿಮ ತಳ್ಳುವವರು ಇವನ್ನು ದುಡಿಸಿಕೊಳ್ಳುತ್ತಾರೆ. ಇಂಥ ಟ್ರಕ್ಕಿನ ಡೀಸೆಲ್ ಎಂಜಿನ್ ಒಂದರದ್ದೇ ತೂಕ ಅರ್ಧ ಟನ್ನಿನ ಆಸುಪಾಸು. ಹಳೆಯ ರ‍್ಯಾಮ್ ಟ್ರಕ್ಕುಗಳಲ್ಲಿದ್ದ 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಎಂಜಿನ್ ನಮಗೂ ಅಪರಿಚಿತವಲ್ಲ. ಅದೇ ಬಿ ಸರಣಿಯ ಎಂಜಿನನ್ನು ಜಮ್ಶೆಡ್‌ಪುರದ ಟಾಟಾ ಕಮಿನ್ಸ್ ಕಾರ್ಖಾನೆ ತಯಾರಿಸಿತು, ಟಾಟಾ ಲಾರಿಗಳ ಬಾನೆಟ್ಟಿನಡಿ ಅದು ನಮ್ಮ ಹೆದ್ದಾರಿಗಳಲ್ಲೂ ಓಡಿತು. ನಮ್ಮಲ್ಲಿ ಲಾರಿಗೆ ಹಾಕಿದ ಎಂಜಿನನ್ನು ಅವರು ಮನೆಯ ಮುಂದೆ ನಿಲ್ಲುವ ಪಿಕಪ್ಪಿಗೆ ಹಾಕಿದರು ಎಂದರೆ ಮುಂದಿನ ಆಕ್ಸಲ್ ಮೇಲೆ ಎಂಥ ಹೊರೆ ಕೂತಿರುತ್ತದೆ ಎಂಬುದು ಗೊತ್ತಾಗುತ್ತದೆ.

ಪವರ್ ಸ್ಟೀರಿಂಗ್ ಎಂಬ ಕಲ್ಪನೆ ಹುಟ್ಟಿದ್ದೂ ಇಂಥ ಹೊರೆಯಿಂದಲೇ. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ ಪಿಯರ್ಸ್-ಆರೋ ಕಂಪನಿಯ ಟ್ರಕ್ ವಿಭಾಗದಲ್ಲಿ ಮುಖ್ಯ ಹುದ್ದೆಯಲ್ಲಿದ್ದವರು. ಭಾರದ ಟ್ರಕ್ಕುಗಳನ್ನು ತಿರುಗಿಸುವ ಕಷ್ಟವನ್ನು ಹತ್ತಿರದಿಂದ ಕಂಡಿದ್ದರು. ಕೆಲಸ ಬಿಟ್ಟು ಮ್ಯಾಸಚೂಸೆಟ್ಸ್ ರಾಜ್ಯದ ವಾಲ್ತಮ್ ಊರಿನಲ್ಲಿ ಸ್ವಂತ ಕಾರ್ಯಾಗಾರ ಮಾಡಿಕೊಂಡು, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ವ್ಯವಸ್ಥೆ ರೂಪಿಸಿ 1926ರಲ್ಲಿ ಕಾರಿಗೆ ಅಳವಡಿಸಿ ತೋರಿಸಿದರು. ಜನರಲ್ ಮೋಟರ್ಸ್ ಆಸಕ್ತಿ ತೋರಿ ಒಪ್ಪಂದ ಮಾಡಿಕೊಂಡಿತಾದರೂ ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1934ರಲ್ಲಿ, ಕೈಬಿಟ್ಟಿತು. ಆಮೇಲೆ ಬೆಂಡಿಕ್ಸ್ ಕಂಪನಿ ಜೊತೆಯಾಯಿತು. ಎರಡನೆಯ ಮಹಾಯುದ್ಧದಲ್ಲಿ ಕವಚದ ಭಾರ ಹೊತ್ತ ಸೇನಾ ವಾಹನಗಳಿಗೆ ಅದು ಬೇಕೇ ಬೇಕಾಯಿತು. ಸಾಮಾನ್ಯ ಗ್ರಾಹಕ ಕೊಳ್ಳುವ ಕಾರಿನಲ್ಲಿ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಕಂಪನಿಯ ಇಂಪೀರಿಯಲ್ ಮಾದರಿಯಲ್ಲಿ. 

ಈ ಪಿಕಪ್ಪುಗಳಲ್ಲಿ ಸ್ಟೀರಿಂಗ್ ಶಾಫ್ಟು ಎಂಜಿನ್ ಕೋಣೆ ದಾಟಿ ಬಂದು ಫ್ರೇಮಿಗೆ ಬಿಗಿದ ಕಬ್ಬಿಣದ ಬಾಕ್ಸ್ ಸೇರುತ್ತದೆ. ಬಾಕ್ಸಿನೊಳಗೆ ತಿರುಪು, ಅದರ ಮೇಲೆ ಸರಿಯುವ ನಟ್ಟು, ಎರಡರ ನಡುವೆ ಉರುಳುವ ಉಕ್ಕಿನ ಗುಂಡುಗಳ ಸಾಲು. ಆ ನಟ್ಟೇ ಪಿಸ್ಟನ್ ಕೂಡ. ಬಾಕ್ಸಿನ ಬಾಯಲ್ಲಿ ತೆಳ್ಳನೆಯ ಒಂದು ಉಕ್ಕಿನ ಸರಳಿದೆ, ಅದಕ್ಕೆ ಟಾರ್ಷನ್ ಬಾರ್ ಎನ್ನುತ್ತಾರೆ. ನೀವು ತಿರುಗಿಸಿದಾಗ ಟೈರು ತಡೆಯೊಡ್ಡಿದರೆ ಈ ಸರಳು ಒಂದೆರಡು ಡಿಗ್ರಿಯಷ್ಟು ಹುರಿಗೊಳ್ಳುತ್ತದೆ. ಹುರಿಗೊಂಡಷ್ಟೂ ವಾಲ್ವ್ ತೆರೆದು ಪಂಪಿನ ಎಣ್ಣೆ ಪಿಸ್ಟನ್ನಿನ ಒಂದು ಬದಿಗೆ ನುಗ್ಗುತ್ತದೆ. ಒತ್ತಡ ಸಾಮಾನ್ಯವಾಗಿ 1,000ದಿಂದ 1,500 ಪಿಎಸ್‌ಐವರೆಗೆ, ಅಂದರೆ ಸುಮಾರು 70ರಿಂದ 100 ಬಾರ್. ಏಳೂವರೆ ಸೆಂಟಿಮೀಟರ್ ವ್ಯಾಸದ ಪಿಸ್ಟನ್ ಎಂದು ಲೆಕ್ಕ ಹಿಡಿದರೆ, ಅದರ ಮುಖದ ಮೇಲೆ ನೂರು ಬಾರ್ ಒತ್ತಡ ಹಾಕುವ ಬಲ ನಾಲ್ಕೂವರೆ ಟನ್ ಭಾರಕ್ಕೆ ಸಮ. ನಿಂತ ಟ್ರಕ್ಕಿನ ಟೈರುಗಳನ್ನು ಒಂದು ಬೆರಳಿನಲ್ಲಿ ಹೊರಳಿಸಲು ಆಗುವುದು ಇದರಿಂದ.

ಈ ಟಾರ್ಷನ್ ಬಾರ್ ಇರುವ ಜಾಗವೇ ರೋಗಪತ್ತೆಯ ಕೀಲಿಕೈ. ಬಹಳ ಮಂದಿ ಇದನ್ನು ಗಮನಿಸುವುದಿಲ್ಲ. ಸರಳಿನಿಂದ ಕೆಳಗೆ, ಅಂದರೆ ಚಕ್ರದ ಕಡೆ ಎಲ್ಲಿ ಬಿಗಿತವಿದ್ದರೂ ವಾಲ್ವಿಗೆ ಅದು ತಿಳಿಯುತ್ತದೆ. ತಿಳಿದ ಕೂಡಲೇ ಒತ್ತಡ ಏರಿಸಿ ಆ ಬಿಗಿತವನ್ನು ಎಣ್ಣೆಯೇ ಹೊರುತ್ತದೆ. ಹೀಗಾಗಿ ಅರ್ಧ ಹಾಳಾದ ಬಾಲ್ ಜಾಯಿಂಟು ಎಂಜಿನ್ ಚಾಲೂ ಇರುವಾಗ ಕೈಗೆ ಗೊತ್ತೇ ಆಗುವುದಿಲ್ಲ. ಸರಳಿನಿಂದ ಮೇಲೆ, ನಿಮ್ಮ ಕೈಗೂ ಬಾಕ್ಸಿಗೂ ನಡುವಿನ ಶಾಫ್ಟಿನಲ್ಲಿ ಬಿಗಿತವಿದ್ದರೆ ಮಾತ್ರ ವಾಲ್ವಿಗೆ ಸುದ್ದಿಯೇ ಮುಟ್ಟುವುದಿಲ್ಲ. ಪಂಪ್ ಎಷ್ಟೇ ಹೊಸದಿರಲಿ, ಎಷ್ಟೇ ಬಲವಾಗಿರಲಿ, ಆ ಬಿಗಿತವನ್ನು ಪೂರ್ತಿ ನಿಮ್ಮ ತೋಳೇ ಹೊರಬೇಕು. ಪಂಪ್ ಬದಲಿಸಿದ ಮೇಲೂ ಸ್ಟೀರಿಂಗ್ ಕಿಂಚಿತ್ತೂ ಹಗುರಾಗದ ಗಾಡಿಗಳಲ್ಲಿ ಮೊದಲು ನೋಡಬೇಕಾದದ್ದು ಈ ಶಾಫ್ಟನ್ನು.

ಬಿಚ್ಚುವ ಮೊದಲು ಗಾಡಿ ಓಡಿಸುವವರನ್ನು ಮಾತಾಡಿಸಬೇಕು. ಯಾವಾಗ ಗಟ್ಟಿ ಎಂಬ ಒಂದು ಪ್ರಶ್ನೆಯಲ್ಲೇ ಅರ್ಧ ಉತ್ತರ ಸಿಗುತ್ತದೆ. ನಿಧಾನವಾಗಿ ಪಾರ್ಕ್ ಮಾಡುವಾಗ ಗಟ್ಟಿ, ಆಕ್ಸಿಲರೇಟರ್ ತುಸು ಒತ್ತಿದರೆ ಹಗುರ ಎಂದರೆ ಪಂಪಿನಿಂದ ಬರುವ ಹರಿವು ಸಾಲದು. ಬೆಳಗ್ಗೆ ಸರಿ, ಟ್ರೇಲರ್ ಎಳೆದು ಎಣ್ಣೆ ಕಾದ ಮೇಲೆ ಗಟ್ಟಿ ಎಂದರೂ ಸಂಶಯ ಪಂಪಿನ ಕಡೆಗೇ. ಕಾದು ತೆಳುವಾದ ಎಣ್ಣೆ ಸವೆದ ಪಂಪಿನೊಳಗೇ ಸೋರಿ ಹಿಂದಕ್ಕೆ ಹೋಗುತ್ತಿರುತ್ತದೆ. ಕೊರೆಯುವ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಹೊತ್ತು ಗಟ್ಟಿಯಾಗಿದ್ದು ಆಮೇಲೆ ಸಡಿಲಾದರೆ ಅದು ದಪ್ಪಗಾದ ಎಣ್ಣೆಯ ಸಹಜ ಗುಣ, ಚಿಂತೆ ಬೇಡ. ಒಂದೇ ಬದಿಗೆ ಗಟ್ಟಿ, ಇನ್ನೊಂದು ಬದಿಗೆ ಹಗುರ ಎಂದರೆ ಪಂಪನ್ನು ಬಿಟ್ಟುಬಿಡಿ. ಎರಡೂ ಬದಿಗೆ ಎಣ್ಣೆ ಕೊಡುವುದು ಒಂದೇ ಪಂಪು, ಹಂಚುವ ವಾಲ್ವು ಬಾಕ್ಸಿನಲ್ಲಿದೆ. ಸ್ಟೀರಿಂಗ್ ಚಕ್ರ ಒಂದು ಸುತ್ತು ಬರುವಾಗ ಅದದೇ ಜಾಗದಲ್ಲಿ ಎರಡು ಸಲ ಬಿಗಿದು ಸಡಿಲಾಗುತ್ತಿದ್ದರೆ ಶಾಫ್ಟಿನ ಯೂನಿವರ್ಸಲ್ ಜಾಯಿಂಟು ಹಿಡಿದುಕೊಂಡಿದೆ. ತಿರುವಿನಿಂದ ಹೊರಬಂದ ಮೇಲೆ ಚಕ್ರ ತಾನಾಗಿ ನೇರವಾಗದೆ, ಕೊನೆಗೆ ತಿರುಗಿಸಿದ ಬದಿಗೇ ಗಾಡಿ ಎಳೆಯುತ್ತಿದ್ದರೆ ತಪ್ಪು ಚಕ್ರದ ಕಡೆಯದು. ಬ್ರೇಕ್ ಒತ್ತಿದಾಗ ಮಾತ್ರ ಗಟ್ಟಿಯಾಗುವುದು ಬೇರೆಯೇ ಕಥೆ, ಅದಕ್ಕೆ ಮುಂದೆ ಬರುತ್ತೇನೆ.

ಇನ್ನು ಜ್ಯಾಕು. ಮೊದಲು ಟೈರಿನ ಗಾಳಿ ನೋಡಿ, ಕಡಿಮೆಯಿದ್ದರೆ ತುಂಬಿಸಿ. ಕಂಪನಿ ಕೊಟ್ಟಿದ್ದಕ್ಕಿಂತ ಅಗಲದ ಟೈರು, ಗಾಡಿ ಎತ್ತರಿಸುವ ಕಿಟ್ ಹಾಕಿಸಿದ್ದಾರೆಯೇ ಎಂದು ವಿಚಾರಿಸಿ. ಎತ್ತರಿಸಿದ ಮೇಲೆ ಕ್ಯಾಸ್ಟರ್ ಕೋನ, ಅಂದರೆ ಚಕ್ರ ಹೊರಳುವ ಅಕ್ಷದ ಹಿಂಬಾಗು, ಹೆಚ್ಚು ಕೊಟ್ಟಿದ್ದರೂ ಸ್ಟೀರಿಂಗ್ ಭಾರವಾಗುತ್ತದೆ. ಆಮೇಲೆ ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಆಕ್ಸಲನ್ನು ಎತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯಡಿ ಯಾರೂ ನುಸುಳಬಾರದು. ಕೀಲಿ ತಿರುಗಿಸಿ ಸ್ಟೀರಿಂಗ್ ಲಾಕ್ ಬಿಡಿಸಿ, ಎಂಜಿನ್ ಆರಿಸಿದ್ದಂತೆಯೇ ಸ್ಟೀರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ತಿರುಗಿಸಿ. ಟೈರು ನೆಲಕ್ಕೆ ತಾಗುತ್ತಿಲ್ಲ, ಎಣ್ಣೆಯ ಸಹಾಯವಿಲ್ಲ; ಈಗ ಕೈಗೆ ಸಿಗುವುದು ಲೋಹದ ಘರ್ಷಣೆ ಮತ್ತು ಬಾಕ್ಸಿನಲ್ಲಿರುವ ಎಣ್ಣೆಯ ಸಣ್ಣ ತಡೆ ಅಷ್ಟೇ. ಸಮನಾಗಿ, ಅಡೆತಡೆಯಿಲ್ಲದೆ ತಿರುಗಿದರೆ ಯಾಂತ್ರಿಕ ಭಾಗ ಬಹುಮಟ್ಟಿಗೆ ಚೆನ್ನಾಗಿದೆ, ಎಣ್ಣೆಯ ಕಡೆ ಹುಡುಕಿ. ಇಲ್ಲೂ ಗಟ್ಟಿಯಾಗಿದ್ದರೆ ಪಂಪಿಗೆ ದುಡ್ಡು ಹಾಕುವ ಯೋಚನೆ ಬಿಡಿ.

ಗಟ್ಟಿಯಾಗಿದೆ ಎಂದುಕೊಳ್ಳೋಣ. ಬಾಕ್ಸಿನಡಿಯ ಪಿಟ್‌ಮನ್ ಆರ್ಮ್ ಎಂಬ ತೋಳಿನಿಂದ, ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಎಂಬ ದಂಡವನ್ನು ಬೇರ್ಪಡಿಸಿದರೆ ವ್ಯವಸ್ಥೆ ಎರಡು ಹೋಳಾಗುತ್ತದೆ. ಈಗ ಸ್ಟೀರಿಂಗ್ ತಿರುಗಿಸಿ. ಬಿಗಿ ಹಾಗೆಯೇ ಇದ್ದರೆ ಅದು ಶಾಫ್ಟಿನಲ್ಲಿದೆ ಅಥವಾ ಬಾಕ್ಸಿನಲ್ಲಿದೆ. ಸ್ಟೀರಿಂಗ್ ಹಗುರಾಗಿ, ಚಕ್ರವನ್ನು ಕೈಯಿಂದ ತಳ್ಳಿದಾಗ ಅದು ಕದಲಲು ಹಟ ಮಾಡಿದರೆ ದೋಷ ಆಕ್ಸಲ್ ತುದಿಯಲ್ಲಿ. ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡನ್ನೂ ಬಿಡಿಸಿದರೆ ಎಡ ಬಲ ಚಕ್ರಗಳನ್ನು ಬೇರೆ ಬೇರೆಯಾಗಿ ಹೊರಳಿಸಿ ಯಾವುದು ಅಪರಾಧಿ ಎಂದು ಹೇಳಬಹುದು. ಜಾಯಿಂಟ್ ಬಿಡಿಸಲು ಅದಕ್ಕೆಂದೇ ಇರುವ ಪುಲ್ಲರ್ ಬಳಸಿ. ಸುತ್ತಿಗೆಯಿಂದ ಬಡಿದರೆ ಪಿಟ್‌ಮನ್ ಆರ್ಮಿನ ಮೂಲಕ ಆ ಪೆಟ್ಟು ಬಾಕ್ಸಿನೊಳಗಿನ ಗುಂಡುಗಳಿಗೂ ತಲುಪುತ್ತದೆ.

ಆಕ್ಸಲ್ ತುದಿಯಲ್ಲಿ ಇರುವುದೇನು? ನಾಲ್ಕು ಚಕ್ರ ಚಾಲನೆಯ ಸೂಪರ್ ಡ್ಯೂಟಿ ಮತ್ತು ರ‍್ಯಾಮ್ ಟ್ರಕ್ಕುಗಳ ಮುಂದೆ ಇಡಿಯಾದ ಆಕ್ಸಲ್ ಇದೆ. ಅದರ ಎರಡೂ ತುದಿಯಲ್ಲಿ ಮೇಲೊಂದು, ಕೆಳಗೊಂದು ಬಾಲ್ ಜಾಯಿಂಟ್, ಒಟ್ಟು ನಾಲ್ಕು. ಮುಂದಿನ ಚಕ್ರಗಳು ಎಡಬಲಕ್ಕೆ ಹೊರಳುವುದು ಈ ನಾಲ್ಕರ ಮೇಲೆ. ನಮ್ಮ ಲಾರಿಗಳಲ್ಲಿ ಕಿಂಗ್ ಪಿನ್ ಮಾಡುವ ಕೆಲಸವನ್ನೇ ಇವು ಮಾಡುತ್ತವೆ. ಕಿಂಗ್ ಪಿನ್ನಿಗೆ ಗ್ರೀಸ್ ನಿಪ್ಪಲ್ ಇರುತ್ತದೆ, ಸರ್ವಿಸಿಗೆ ಬಿಟ್ಟಾಗಲೆಲ್ಲ ಗನ್ನಿನಿಂದ ಗ್ರೀಸ್ ಹೊಡೆಯುತ್ತಾರೆ. ಈ ಪಿಕಪ್ಪುಗಳ ಕಾರ್ಖಾನೆಯ ಬಾಲ್ ಜಾಯಿಂಟುಗಳು ಹೆಚ್ಚಾಗಿ ಮುಚ್ಚಿದ ಮಾದರಿಯವು. ಒಳಗೆ ಹಾಕಿದ ಗ್ರೀಸೇ ಕೊನೆ, ಹೊರಗಿನಿಂದ ಕೊಡಲು ದಾರಿಯಿಲ್ಲ. ಮಿಶಿಗನ್, ಒಹಾಯೊ, ನ್ಯೂಯಾರ್ಕ್‌ನಂಥ ಉತ್ತರದ ರಾಜ್ಯಗಳಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮ ಕರಗಿ ಉಪ್ಪುನೀರಾಗಿ ಚಕ್ರದಿಂದ ಚಿಮ್ಮಿ ಆಕ್ಸಲಿನ ತುದಿಗೆ ಬಡಿಯುತ್ತದೆ. ಜಾಯಿಂಟಿನ ರಬ್ಬರ್ ಟೋಪಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೆ ಸಾಕು, ನೀರು ಒಳಗಿಳಿದು ಗ್ರೀಸನ್ನು ಕೆಡಿಸಿ ಗುಂಡಿಗೆ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ನೋಡಿದರೆ ಜಾಯಿಂಟಿನಲ್ಲಿ ಅಲುಗಾಟವೇ ಇರುವುದಿಲ್ಲ. ಸವೆದ ಜಾಯಿಂಟು ಅಲುಗಾಡುತ್ತದೆ, ತುಕ್ಕು ಹಿಡಿದದ್ದು ಅಲುಗಾಡುವುದಿಲ್ಲ. ಚಕ್ರ ಹಿಡಿದು ಅಲ್ಲಾಡಿಸಿ ಪ್ಲೇ ಇಲ್ಲ ಎಂದು ಪಾಸ್ ಮಾಡುವ ತಪಾಸಣೆಯಲ್ಲಿ ಇದು ತಪ್ಪಿಸಿಕೊಳ್ಳುವುದು ಹೀಗೆ.

ತಿರುವಿನಿಂದ ಚಕ್ರ ತಾನಾಗಿ ನೇರಕ್ಕೆ ಮರಳುವುದು ಕ್ಯಾಸ್ಟರ್ ಕೋನದ ಕೆಲಸ. ಆ ಮರಳಿಸುವ ಬಲ ದೊಡ್ಡದೇನಲ್ಲ. ಜಾಯಿಂಟಿನ ಬಿಗಿತ ಅದನ್ನು ಮೀರಿದರೆ ಚಕ್ರ ಬಿಟ್ಟಲ್ಲೇ ನಿಲ್ಲುತ್ತದೆ. ಹೆದ್ದಾರಿಯಲ್ಲಿ ಚಾಲಕ ಸಣ್ಣಗೆ ಎಡಕ್ಕೆ ತಿದ್ದುತ್ತಾನೆ, ಗಾಡಿ ಎಡಕ್ಕೇ ಹೋಗುತ್ತದೆ; ಬಲಕ್ಕೆ ತಿದ್ದುತ್ತಾನೆ, ಬಲಕ್ಕೇ ಹೋಗುತ್ತದೆ. ನೂರು ಕಿಲೋಮೀಟರ್ ವೇಗದಲ್ಲಿ, ಹಿಂದೆ ನಾಲ್ಕೈದು ಟನ್ನಿನ ಟ್ರೇಲರ್ ಕಟ್ಟಿಕೊಂಡು ಹೀಗೆ ಗಂಟೆಗಟ್ಟಲೆ ಓಡಿಸುವುದು ಎಷ್ಟು ಅಪಾಯ ಎಂದು ಬಿಡಿಸಿ ಹೇಳಬೇಕಿಲ್ಲ. ತೋಳು ನೋವಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಈ ಲಕ್ಷಣ. ಇದನ್ನು ಮುಂದೂಡಬಾರದು.

ರಿಪೇರಿ ಸುಲಭದ್ದಲ್ಲ. ಚಕ್ರ, ಬ್ರೇಕ್, ಹಬ್ ಬೇರಿಂಗ್, ಆಕ್ಸಲ್ ಶಾಫ್ಟು ಎಲ್ಲ ಕಳಚಿ, ಬಾಲ್ ಜಾಯಿಂಟುಗಳ ಮೇಲೆ ಹೊರಳುವ ನಕಲ್ ಎಂಬ ಭಾಗವನ್ನು ಹೊರತೆಗೆಯಬೇಕು. ಉಪ್ಪಿನ ನಾಡಿನಲ್ಲಿ ಹಬ್ ಬೇರಿಂಗು ನಕಲಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ, ಅದೊಂದನ್ನು ಬಿಡಿಸುವುದೇ ಅರ್ಧ ದಿನದ ಹೋರಾಟ. ಹಳೆಯ ಜಾಯಿಂಟನ್ನು ಒತ್ತಿ ತೆಗೆಯಲು, ಹೊಸದನ್ನು ಒತ್ತಿ ಕೂರಿಸಲು ಸಿ ಆಕಾರದ ಪ್ರೆಸ್ ಬೇಕು. ಇಷ್ಟೆಲ್ಲ ಬಿಚ್ಚಿದ ಮೇಲೆ ಒಂದನ್ನೇ ಬದಲಿಸಿ ಮುಚ್ಚುವುದು ವಿವೇಕವಲ್ಲ. ಮೇಲಿನದು ಕೆಳಗಿನದು ಎರಡನ್ನೂ, ಸಾಧ್ಯವಾದರೆ ಎರಡೂ ಬದಿಯವನ್ನೂ, ಒಟ್ಟಿಗೆ ಬದಲಿಸಬೇಕು. ಗ್ರೀಸ್ ನಿಪ್ಪಲ್ ಇರುವ ಜಾಯಿಂಟುಗಳು ಮಾರುಕಟ್ಟೆಯಲ್ಲಿವೆ. ಅವನ್ನೇ ಹಾಕಿ, ಎಂಜಿನ್ ಎಣ್ಣೆ ಬದಲಾಯಿಸುವಾಗಲೆಲ್ಲ ಗ್ರೀಸ್ ಹೊಡೆಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ನಿರ್ವಹಣೆಯೇ ಬೇಡ ಎಂದು ಮಾರುವ ಭಾಗ ಉಪ್ಪಿನ ರಸ್ತೆಗೆ ಹೊಂದುವುದಿಲ್ಲ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು.

ಶಾಫ್ಟಿನ ಜಾಯಿಂಟು ಹಿಡಿದುಕೊಂಡಿದ್ದರೆ ಪತ್ತೆಯೂ ಸುಲಭ, ಕೆಲಸವೂ ಕಡಿಮೆ. ತುಕ್ಕು ಬಿಡಿಸುವ ಎಣ್ಣೆಯನ್ನು ಜಾಯಿಂಟಿನ ನಾಲ್ಕೂ ಬಾಯಿಗೆ ಸಿಂಪಡಿಸಿ, ಸ್ಟೀರಿಂಗನ್ನು ಹಲವು ಸಲ ತುದಿಯಿಂದ ತುದಿಗೆ ತಿರುಗಿಸಿ. ಹಗುರಾಯಿತೇ? ಹಾಗಿದ್ದರೆ ರೋಗ ಸಿಕ್ಕಿತು. ಇದು ಪತ್ತೆಗೆ ಮಾತ್ರ, ಚಿಕಿತ್ಸೆಯಲ್ಲ. ಆ ತೆಳು ಎಣ್ಣೆ ಅಳಿದುಳಿದ ಗ್ರೀಸನ್ನೂ ತೊಳೆದುಬಿಡುತ್ತದೆ, ಕೆಲವು ದಿನಗಳಲ್ಲಿ ಬಿಗಿತ ಮರಳುತ್ತದೆ. ಶಾಫ್ಟನ್ನೇ ಬದಲಿಸಬೇಕು. ಬಿಚ್ಚುವಾಗ ಚಕ್ರ ನೇರವಿಟ್ಟು ಸ್ಟೀರಿಂಗನ್ನು ಕಟ್ಟಿಹಾಕಿ. ಶಾಫ್ಟ್ ಕಳಚಿದ ಮೇಲೆ ಸ್ಟೀರಿಂಗ್ ಸುತ್ತಿಬಿಟ್ಟರೆ ಅದರೊಳಗೆ ಏರ್‌ಬ್ಯಾಗಿಗೆ ಹೋಗುವ ಸುರುಳಿ ತಂತಿ ತುಂಡಾಗುತ್ತದೆ.

ಬಾಕ್ಸಿನ ಮೇಲಿರುವ ಒಂದು ತಿರುಪಿನ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ಸ್ಟೀರಿಂಗಿನಲ್ಲಿ ಪ್ಲೇ ಹೆಚ್ಚಾದರೆ ಈ ಹೊಂದಾಣಿಕೆ ತಿರುಪನ್ನು ಬಿಗಿ ಮಾಡುವ ಪದ್ಧತಿ ಎಲ್ಲೆಡೆ ಇದೆ. ಒಳಗಿನ ಹಲ್ಲುಗಳು ನೇರ ಸ್ಥಾನದಲ್ಲಿ ಮೊದಲೇ ಹೆಚ್ಚು ಬಿಗಿಯಾಗಿ ಕೂಡುವಂತೆ ಮಾಡಿರುತ್ತಾರೆ. ಅಂದಾಜಿನಲ್ಲಿ ತಿರುಪನ್ನು ಬಿಗಿದರೆ ನೇರ ಹೋಗುವಾಗ ಸ್ಟೀರಿಂಗ್ ಹಿಡಿದುಕೊಳ್ಳುತ್ತದೆ, ತಿರುವಿನಿಂದ ಮರಳುವುದಿಲ್ಲ, ಹಲ್ಲುಗಳು ಬೇಗ ಸವೆಯುತ್ತವೆ. ಎಷ್ಟೋ ಸಲ ಆ ಪ್ಲೇ ಬಾಕ್ಸಿನದ್ದೇ ಆಗಿರುವುದಿಲ್ಲ, ಟೈ ರಾಡ್ ತುದಿಯದೋ ಆಕ್ಸಲನ್ನು ಅಡ್ಡಡ್ಡಲಾಗಿ ಹಿಡಿದಿಡುವ ಟ್ರ್ಯಾಕ್ ಬಾರಿನದೋ ಆಗಿರುತ್ತದೆ. ಇತ್ತೀಚೆಗೆ ಯಾರಾದರೂ ಬಾಕ್ಸ್ ಟೈಟ್ ಮಾಡಿದ್ದಾರೆಯೇ ಎಂದು ಕೇಳಿ. ಮಾಡಿದ್ದರೆ, ಆ ತಿರುಪನ್ನು ಕಂಪನಿಯ ಕೈಪಿಡಿಯಲ್ಲಿ ಹೇಳಿದ ಕ್ರಮಕ್ಕೆ ಮರಳಿಸುವುದೇ ಮೊದಲ ರಿಪೇರಿ.

ಜ್ಯಾಕಿನ ಪರೀಕ್ಷೆಯಲ್ಲಿ ಎಲ್ಲ ಹಗುರವಾಗಿತ್ತು ಎನ್ನಿ. ಈಗ ಎಣ್ಣೆಯ ಸರದಿ. ಮುಚ್ಚಳ ತೆಗೆದು ಮಟ್ಟ ನೋಡಿ, ಬಣ್ಣ ನೋಡಿ, ಬೆರಳಿಗೆ ಹಚ್ಚಿ ಮೂಸಿ. ಕೆಂಪಿದ್ದದ್ದು ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಅತಿಯಾಗಿ ಕಾದಿದೆ. ನೊರೆ ಎದ್ದು ಹಾಲು ಬೆರೆಸಿದಂತೆ ಮಬ್ಬಾದ ಬಣ್ಣಕ್ಕೆ ತಿರುಗಿದ್ದರೆ ಗಾಳಿ ಸೇರಿದೆ. ಪಂಪ್ ಕೊರಗುವ ಸದ್ದು ಜೊತೆಗಿದ್ದರೆ ಸಂದೇಹವೇ ಬೇಡ. ಗಾಳಿ ಒಳನುಗ್ಗುವುದು ಟ್ಯಾಂಕಿನಿಂದ ಪಂಪಿಗೆ ಎಣ್ಣೆ ಎಳೆದುಕೊಳ್ಳುವ ಕೊಳವೆಯಲ್ಲಿ. ಅಲ್ಲಿ ಒತ್ತಡ ಕಡಿಮೆ, ಹಾಗಾಗಿ ಎಣ್ಣೆ ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ಹೋಗುತ್ತದೆ. ಒಂದು ಹಳೆಯ ಒ-ರಿಂಗು, ಸಡಿಲಾದ ಕ್ಲಾಂಪು ಸಾಕು. ಟ್ಯಾಂಕಿನ ತಳದಲ್ಲಿ ಜಾಲರಿ ಅಥವಾ ಫಿಲ್ಟರ್ ಇರುವ ಮಾದರಿಗಳಲ್ಲಿ ಅದು ಕಸ ಕಟ್ಟಿದ್ದರೂ ಪಂಪ್ ಉಪವಾಸ ಬೀಳುತ್ತದೆ. ಒತ್ತಡದ ಕೊಳವೆಯ ಸೋರಿಕೆಯನ್ನು ಕೈಯಿಂದ ಸವರಿ ಹುಡುಕಲೇಬಾರದು. ಸೂಜಿರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಹೊಕ್ಕರೆ ಬೆರಳನ್ನೇ ಕಳೆದುಕೊಳ್ಳುವ ಗಾಯವಾಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ.

ಎಣ್ಣೆಯ ಜಾತಿ ಮುಖ್ಯ. ಸೂಪರ್ ಡ್ಯೂಟಿಗೆ ಮರ್ಕಾನ್ ದರ್ಜೆಯ ಟ್ರಾನ್ಸ್‌ಮಿಷನ್ ಎಣ್ಣೆ, ರ‍್ಯಾಮ್ ಟ್ರಕ್ಕಿಗೆ ಎಟಿಎಫ್ ಪ್ಲಸ್ 4 ಎಂದು ಕೈಪಿಡಿ ಹೇಳಿದರೆ ಅದನ್ನೇ ಹಾಕಬೇಕು, ವರ್ಷಕ್ಕೆ ತಕ್ಕಂತೆ ದರ್ಜೆ ಬದಲಾಗುವುದರಿಂದ ಟ್ಯಾಂಕಿನ ಮುಚ್ಚಳವನ್ನೂ ಓದಬೇಕು. ಬ್ರೇಕ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಬೆಲ್ಟಿನಿಂದ ತಿರುಗುವ ಪಂಪಾದರೆ ಬೆಲ್ಟಿನ ಬಿಗಿ ನೋಡಿ. ಕಮಿನ್ಸ್ ಎಂಜಿನಿನ ರ‍್ಯಾಮ್ ಟ್ರಕ್ಕಿನಲ್ಲಿ ಪಂಪು ಎಂಜಿನಿನ ಗೇರುಗಳಿಂದಲೇ ತಿರುಗುತ್ತದೆ, ಅಲ್ಲಿ ಬೆಲ್ಟಿನ ಮಾತಿಲ್ಲ. ಇವೆಲ್ಲ ಸರಿಯಿದ್ದೂ ಗಟ್ಟಿಯಾಗಿದ್ದರೆ ಮಾತ್ರ ಗೇಜು ಹಿಡಿಯಬೇಕು. ಪಂಪಿನಿಂದ ಹೊರಡುವ ಒತ್ತಡದ ಕೊಳವೆಯಲ್ಲಿ ಗೇಜು, ಅದರ ಮುಂದೆ ಮುಚ್ಚುವ ವಾಲ್ವು. ಎಣ್ಣೆ ಕಾದ ಮೇಲೆ ಎಂಜಿನನ್ನು ಐಡಲ್‌ನಲ್ಲಿ ಬಿಟ್ಟು ವಾಲ್ವನ್ನು ಒಂದು ಕ್ಷಣ ಪೂರ್ತಿ ಮುಚ್ಚಿ ತೆರೆಯಬೇಕು, ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಮುಚ್ಚಿದರೆ ಪಂಪೇ ಸುಡುತ್ತದೆ. ಹೀಗೆ ಮೂರು ಸಲ. ಮೂರೂ ಸಲ ಕೈಪಿಡಿಯಲ್ಲಿ ಹೇಳಿದ ಒತ್ತಡ ಮುಟ್ಟಿ, ಮೂರರ ನಡುವಿನ ಅಂತರ 50 ಪಿಎಸ್‌ಐ ಒಳಗಿದ್ದರೆ ಪಂಪ್ ನಿರಪರಾಧಿ. ನಂತರ ವಾಲ್ವ್ ತೆರೆದಿಟ್ಟು ಸ್ಟೀರಿಂಗನ್ನು ತುದಿಗೆ ಮುಟ್ಟಿಸಿ. ಅಲ್ಲೂ ಅದೇ ಒತ್ತಡ ಬರಬೇಕು. ಬಾರದಿದ್ದರೆ ಎಣ್ಣೆ ಬಾಕ್ಸಿನ ಪಿಸ್ಟನ್ ಸೀಲು ದಾಟಿ ಒಳಗೊಳಗೇ ಸೋರುತ್ತಿದೆ, ಅಥವಾ ನಡುದಾರಿಯಲ್ಲಿ ಬ್ರೇಕಿನ ಬೂಸ್ಟರ್ ಅದನ್ನು ಕಬಳಿಸುತ್ತಿದೆ.

ಬ್ರೇಕಿಗೂ ಸ್ಟೀರಿಂಗ್ ಪಂಪಿಗೂ ಏನು ಸಂಬಂಧ? ಪೆಟ್ರೋಲ್ ಕಾರಿನಲ್ಲಿ ಬ್ರೇಕ್ ಪೆಡಲನ್ನು ಹಗುರ ಮಾಡುವುದು ಎಂಜಿನಿನ ನಿರ್ವಾತ. ಡೀಸೆಲ್ ಎಂಜಿನ್ ಗಾಳಿಯನ್ನು ಹಾಗೆ ತಡೆದು ಎಳೆದುಕೊಳ್ಳುವುದಿಲ್ಲವಾದ್ದರಿಂದ ಆ ನಿರ್ವಾತ ಇಲ್ಲ. ನಮ್ಮ ಹಲವು ಡೀಸೆಲ್ ಪಿಕಪ್ಪುಗಳಲ್ಲಿ ಇದಕ್ಕೆಂದೇ ಆಲ್ಟರ್ನೇಟರಿನ ಬೆನ್ನಿಗೆ ಪುಟ್ಟ ವ್ಯಾಕ್ಯೂಮ್ ಪಂಪ್ ಇದೆ. ಅಮೆರಿಕದ ಹೆವಿ ಡ್ಯೂಟಿ ಡೀಸೆಲ್ ಪಿಕಪ್ಪುಗಳಲ್ಲಿ ಬಹುಪಾಲು ಬಳಸುವುದು ಹೈಡ್ರೋಬೂಸ್ಟ್. ಸ್ಟೀರಿಂಗ್ ಪಂಪಿನ ಎಣ್ಣೆಯೇ ಮೊದಲು ಬ್ರೇಕ್ ಬೂಸ್ಟರ್ ಮೂಲಕ ಹಾದು, ಆಮೇಲೆ ಸ್ಟೀರಿಂಗ್ ಬಾಕ್ಸಿಗೆ ಹೋಗುತ್ತದೆ. ತುಂಗಭದ್ರಾ ಕಾಲುವೆಯಲ್ಲಿ ಮೇಲ್ಭಾಗದವರು ತೂಬು ತೆರೆದಾಗ ಕೊನೆಭಾಗದ ರೈತನಿಗೆ ನೀರು ಕಡಿಮೆಯಾಗುವ ಹಾಗೆ, ಬ್ರೇಕ್ ಒತ್ತಿದಾಗ ಸ್ಟೀರಿಂಗಿನ ಪಾಲು ತಗ್ಗುತ್ತದೆ. ನಿಂತಲ್ಲಿ ಬ್ರೇಕ್ ಬಲವಾಗಿ ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಿದರೆ ತುಸು ಗಟ್ಟಿ ಎನಿಸುವುದು ಸಹಜ. ಕದಲಲೇ ಕಷ್ಟ ಎನ್ನುವಷ್ಟಾದರೆ ಪಂಪಿನ ಹರಿವು ಕುಸಿದಿದೆ ಅಥವಾ ಬೂಸ್ಟರಿನೊಳಗೆ ಸೋರಿಕೆಯಿದೆ. ಪೆಡಲೂ ಸ್ಟೀರಿಂಗೂ ಒಟ್ಟಿಗೆ ಗಟ್ಟಿಯಾದ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡೂ ಹೋಗಬೇಡಿ, ಎಳೆಸಿಕೊಂಡು ಹೋಗಿ.

ಬೂಸ್ಟರನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಂಜಿನ್ ಆರಿಸಿ, ಬೂಸ್ಟರಿಗೆಂದು ಒತ್ತಡ ಕೂಡಿಡುವ ಸಂಗ್ರಾಹಕದಲ್ಲಿ ಉಳಿದ ಒತ್ತಡ ಖಾಲಿಯಾಗಿ ಪೆಡಲ್ ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿ. ಆಮೇಲೆ ಪೆಡಲ್ ಮೇಲೆ ಹಗುರವಾಗಿ ಕಾಲಿಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದು ಮತ್ತೆ ಕಾಲನ್ನು ಮೇಲಕ್ಕೆ ತಳ್ಳಬೇಕು. ಆ ಸಂಗ್ರಾಹಕ ಇರುವುದು ಎಂಜಿನ್ ದಾರಿಯಲ್ಲಿ ನಿಂತುಹೋದರೆ ಎರಡು ಮೂರು ಸಲವಾದರೂ ಬ್ರೇಕ್ ಹಿಡಿಯಲಿ ಎಂದು. ಒತ್ತಡದ ಯಾವುದೇ ಕೊಳವೆ ಬಿಚ್ಚುವ ಮೊದಲು ಅದನ್ನು ಹೀಗೆಯೇ ಖಾಲಿ ಮಾಡಬೇಕು.

ಗೇಜು ಪಂಪನ್ನೇ ತೋರಿಸಿದರೆ ಬದಲಿಸಿ, ಆದರೆ ಪಂಪನ್ನಷ್ಟೇ ಬದಲಿಸಬೇಡಿ. ಹಳೆಯ ಪಂಪ್ ಸವೆದು ಉದುರಿಸಿದ ಲೋಹದ ಪುಡಿ ಎಣ್ಣೆ ತಣಿಸುವ ಕೂಲರಿನಲ್ಲಿ, ಟ್ಯಾಂಕಿನಲ್ಲಿ, ಕೊಳವೆಗಳಲ್ಲಿ ಕೂತಿರುತ್ತದೆ. ಅದು ಹೊಸ ಪಂಪಿನೊಳಗೆ ಹರಿದು ಅದನ್ನೂ ಕೊರೆಯುತ್ತದೆ. ಹೊಸ ಪಂಪ್ ಬೇಗ ಸತ್ತಾಗ ಅಂಗಡಿಯವನನ್ನು ಬೈಯುತ್ತೇವೆ, ಎಷ್ಟೋ ಸಲ ಕೊಂದದ್ದು ಹಳೆಯ ಎಣ್ಣೆ. ಮರಳುವ ಕೊಳವೆಯನ್ನು ಬಕೆಟ್ಟಿಗೆ ಬಿಟ್ಟು, ಎಣ್ಣೆ ತಿಳಿಯಾಗಿ ಬರುವವರೆಗೆ ತೊಳೆಯಿರಿ. ಕೂಲರನ್ನು ಬೇರೆಯಾಗಿ ತೊಳೆಯಿರಿ, ಫಿಲ್ಟರ್ ತೊಳೆಯಲು ಬಾರದ ಟ್ಯಾಂಕಾದರೆ ಟ್ಯಾಂಕನ್ನೇ ಬದಲಿಸಿ. ಒತ್ತಿ ಕೂರಿಸಿದ ಪುಲ್ಲಿಯನ್ನು ಅದರ ಸಾಧನದಿಂದಲೇ ತೆಗೆದು ಹಾಕಬೇಕು. ಬಡಿದು ಕೂರಿಸಿದರೆ ಒಳಗಿನ ಬೇರಿಂಗು ಅಲ್ಲೇ ಹೋಗುತ್ತದೆ.

ಕೊನೆಯ ಕೆಲಸ ಗಾಳಿ ತೆಗೆಯುವುದು. ಅವಸರ ಮಾಡಿ ಕೆಡಿಸುವುದು ಹೆಚ್ಚಾಗಿ ಇಲ್ಲೇ. ತುಂಬಿದ ಕೂಡಲೇ ಎಂಜಿನ್ ಚಾಲೂ ಮಾಡಿದರೆ ಪಂಪು ಗಾಳಿಯನ್ನೂ ಎಣ್ಣೆಯನ್ನೂ ಕಡೆದು ನೊರೆ ಮಾಡುತ್ತದೆ, ಆ ನೊರೆ ಇಳಿಯಲು ಗಂಟೆಗಳು ಬೇಕು. ಮುಂದಿನ ಚಕ್ರಗಳನ್ನು ಎತ್ತಿದ್ದಂತೆಯೇ, ಎಂಜಿನ್ ಆರಿಸಿದ್ದಂತೆಯೇ, ಟ್ಯಾಂಕಿನ ಮುಚ್ಚಳ ತೆರೆದಿಟ್ಟು ಸ್ಟೀರಿಂಗನ್ನು ತುದಿಯಿಂದ ತುದಿಗೆ ಇಪ್ಪತ್ತು ಸಲವಾದರೂ ನಿಧಾನವಾಗಿ ತಿರುಗಿಸಿ. ಗುಳ್ಳೆಗಳು ಮೇಲೆದ್ದು ಮಟ್ಟ ಇಳಿಯುತ್ತದೆ, ತುಂಬಿಸುತ್ತ ಹೋಗಿ. ಗುಳ್ಳೆ ನಿಂತ ಮೇಲೆ ಸ್ಟಾರ್ಟ್ ಮಾಡಿ ಮತ್ತೆ ಹಾಗೆಯೇ ತಿರುಗಿಸಿ, ಹೈಡ್ರೋಬೂಸ್ಟ್ ಇದ್ದರೆ ನಡುನಡುವೆ ಬ್ರೇಕನ್ನೂ ಒತ್ತಿ ಬಿಡಿ. ತುದಿಯಲ್ಲಿ ಸ್ಟೀರಿಂಗನ್ನು ಹಿಡಿದು ನಿಲ್ಲಿಸಬೇಡಿ. ನೊರೆ ಕಂಡರೆ ಎಂಜಿನ್ ಆರಿಸಿ, ಎಣ್ಣೆ ತಿಳಿಯಾಗುವವರೆಗೆ ಕಾದು, ಮೊದಲಿನಿಂದ ಶುರುಮಾಡಿ. ಎಲ್ಲ ಮುಗಿದ ಮೇಲೆ ಚಕ್ರ ನೆಲಕ್ಕಿಳಿಸಿ, ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಬಿಗಿದು, ಮೊದಲು ನಿಂತಲ್ಲೇ ಬ್ರೇಕ್ ಪರೀಕ್ಷಿಸಿ. ಆಮೇಲೆ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಎಡಕ್ಕೊಮ್ಮೆ, ಬಲಕ್ಕೊಮ್ಮೆ ತಿರುಗಿಸಿ, ಹಿಡಿತ ಸಡಿಲಿಸಿದಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುತ್ತದೆಯೇ ನೋಡಿ. ಮರುದಿನ ಬೆಳಗ್ಗೆ ತಣ್ಣಗಿನ ಎಂಜಿನಿನಲ್ಲಿ ಎಣ್ಣೆಯ ಮಟ್ಟವನ್ನು ಇನ್ನೊಮ್ಮೆ ನೋಡಿ. ಒಳಗೆ ಉಳಿದಿದ್ದ ಗಾಳಿ ರಾತ್ರಿಯಲ್ಲಿ ಹೊರಬಂದು ಮಟ್ಟ ಇಳಿದಿದ್ದರೆ ತುಂಬಿಸಬೇಕು.